ನಮ್ಮ ಶಾಲೆ ಲ್ಯಾಬಿನಲ್ಲಿ ಎರಡೂವರೆ ವರ್ಷ ಜುಬುಂಟು: ದುಡ್ಡು ಉಳೀತಾ, ಪಾಠ ನಡೀತಾ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತಿತು. ಅವತ್ತಿನಿಂದ ನಮ್ಮ ತಾಲ್ಲೂಕಿನ ಗಣಿತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಇದೇ ಮಾತು. ಲ್ಯಾಬಿನ ಹಳೇ ಕಂಪ್ಯೂಟರ್‌ಗಳನ್ನು ಏನು ಮಾಡೋದು? ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಪೀಳಿಗೆಯದ್ದೋ ಅದರ ನಂತರದ್ದೋ ಇರಬೇಕು. ನಮ್ಮ ಕಡೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಅಂಥದ್ದು ಎಷ್ಟಿವೆ ಅಂತ ನಿಮಗೇ ಗೊತ್ತು. "ಮೇಡಂ, ನೀವು ಲಿನಕ್ಸ್ ಹಾಕಿದೀರಲ್ಲ, ನಿಜವಾಗ್ಲೂ ದುಡ್ಡು ಉಳಿಯುತ್ತಾ?" ಅಂತ ನಾಲ್ಕೈದು ಜನ ಫೋನ್ ಮಾಡಿಯೇ ಕೇಳಿದರು. ಲಿನಕ್ಸ್ ಅಂದರೆ ವಿಂಡೋಸಿನ ಬದಲಿಗೆ ಹಾಕುವ ಮುಕ್ತ ತಂತ್ರಾಂಶ, ದುಡ್ಡಿಲ್ಲದೆ ಸಿಗುತ್ತದೆ, ಬೇರೆಯವರಿಗೂ ಹಂಚಬಹುದು. ಉಬುಂಟು, ಜುಬುಂಟು, ಡೆಬಿಯನ್ ಎಲ್ಲ ಅದರದ್ದೇ ಬೇರೆ ಬೇರೆ ರೂಪ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳುವ ಬದಲು ಎಲ್ಲ ಇಲ್ಲೇ ಬರೆಯುತ್ತಿದ್ದೇನೆ. ಚೆನ್ನಾಗಿರೋದನ್ನೂ ಹೇಳ್ತೀನಿ, ಕೈಕೊಟ್ಟದ್ದನ್ನೂ ಹೇಳ್ತೀನಿ.

ನಾನು ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. 92 ಮಕ್ಕಳು. ಲ್ಯಾಬಿನಲ್ಲಿ 14 ಕಂಪ್ಯೂಟರ್. ಲ್ಯಾಬಿನ ಬೀಗದ ಕೈ ನನ್ನ ಹತ್ತಿರ ಇರೋದರಿಂದ ಅದರ ಜವಾಬ್ದಾರಿಯೂ ನನ್ನದೇ. 2023ರ ಜೂನ್‌ನಲ್ಲಿ ಅಷ್ಟಕ್ಕೂ ವಿಂಡೋಸ್ 7 ತೆಗೆದು, 12ಕ್ಕೆ ಜುಬುಂಟು 22.04 ಹಾಕಿದೆವು, ಉಳಿದ ಎರಡಕ್ಕೆ ಡೆಬಿಯನ್ 12. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿತ್ತು, ಆಮೇಲೂ ಮೂರೂವರೆ ವರ್ಷ ನಾವು ಅದರಲ್ಲೇ ದಿನ ದೂಡಿದ್ದೆವು.

ಜುಬುಂಟು ಅಂದರೆ ಉಬುಂಟುವಿನ ಹಗುರವಾದ ತಂಗಿ ಅಂದುಕೊಳ್ಳಿ. ಒಳಗೆ ಎಲ್ಲ ಉಬುಂಟುವಿನದ್ದೇ, ಹೊರಗಿನ ಪರದೆ ಮಾತ್ರ ಸರಳ. ಅದಕ್ಕೆ ಹಳೆಯ ಯಂತ್ರದಲ್ಲೂ ಏದುಸಿರು ಬಿಡದೆ ಓಡುತ್ತದೆ. ಕೆಳಗೆ ಪಟ್ಟಿ, ಎಡಗಡೆ ಮೆನು ಬರುವ ಹಾಗೆ ಹೊಂದಿಸಿಟ್ಟರೆ ಮಕ್ಕಳಿಗೆ ಇದು ಬೇರೆ ಅನ್ನೋದೇ ಗೊತ್ತಾಗೋದಿಲ್ಲ. ಒಂದು ಎಚ್ಚರಿಕೆ: ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಅಪ್‌ಡೇಟ್ ಬರುತ್ತದೆ, ಜುಬುಂಟುವಿಗೆ ಮೂರೇ ವರ್ಷ. ಹಾಗಾಗಿ 2025ರ ಬೇಸಿಗೆ ರಜೆಯಲ್ಲಿ ಎಲ್ಲವನ್ನೂ 24.04ಕ್ಕೆ ಬದಲಿಸಬೇಕಾಯಿತು. ಒಂದು ಕಂಪ್ಯೂಟರನ್ನು ಪೂರ್ತಿ ಸಿದ್ಧ ಮಾಡಿ, ಕ್ಲೋನ್‌ಜಿಲ್ಲಾ ಅನ್ನೋ ತಂತ್ರಾಂಶದಿಂದ ಅದರದ್ದೇ ನಕಲನ್ನು ಉಳಿದ 11ಕ್ಕೂ ಇಳಿಸಿದೆ. ಎರಡು ದಿನ ಹಿಡಿಯಿತು. ಡೆಬಿಯನ್ ಹಾಕಿದ ಆ ಎರಡು ತೀರಾ ಹಳೇ 32 ಬಿಟ್ ಯಂತ್ರಗಳು (ಈಚಿನವೆಲ್ಲ 64 ಬಿಟ್). ಉಬುಂಟು ಅವನ್ನು ಎಷ್ಟೋ ವರ್ಷದ ಹಿಂದೆಯೇ ಕೈಬಿಟ್ಟಿದೆ, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲೂ ಅವಕ್ಕೆ ಇನ್‌ಸ್ಟಾಲರ್ ಇಲ್ಲ. ಅಂದರೆ ಲಿನಕ್ಸ್ ಹಾಕಿದರೆ ಯಾವ ಕಂಪ್ಯೂಟರ್ ಬೇಕಾದರೂ ಎಂದೆಂದಿಗೂ ಬದುಕುತ್ತದೆ ಅನ್ನೋ ಮಾತು ಪೂರ್ತಿ ನಿಜ ಅಲ್ಲ.

ಈಗ ದುಡ್ಡಿನ ಮಾತು. ಎಲ್ಲರೂ ಕೇಳೋದು ಅದನ್ನೇ ಅಲ್ವಾ.

ಲೈಸೆನ್ಸ್ ದುಡ್ಡು ಉಳಿಯಿತು ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ನಾವು ಲೈಸೆನ್ಸಿಗೆ ದುಡ್ಡು ಕೊಟ್ಟೇ ಇರಲಿಲ್ಲ. ಯಂತ್ರದ ಜೊತೆ ಬಂದಿದ್ದ ಅಸಲಿ ವಿಂಡೋಸ್ ಯಾವತ್ತೋ ಹಾಳಾಗಿತ್ತು. ಆಮೇಲೆ ಪೇಟೆಯಿಂದ ಬಂದ ರಿಪೇರಿಯವರು ಕಾಪಿ ಹಾಕಿಕೊಟ್ಟು ಹೋಗಿದ್ದರು. ಆಫೀಸ್ ತಂತ್ರಾಂಶವೂ ಕಾಪಿಯೇ. ಇದು ನಮ್ಮೊಬ್ಬರ ಶಾಲೆಯ ಕಥೆ ಅಲ್ಲ, ನಾನು ನೋಡಿದ ಮುಕ್ಕಾಲು ಪಾಲು ಲ್ಯಾಬಿನ ಕಥೆ ಇದೇ. ಹಾಗಿರುವಾಗ "ಮುಕ್ತ ತಂತ್ರಾಂಶ ಹಾಕಿದರೆ ಇಷ್ಟು ಲಕ್ಷ ಉಳಿಯುತ್ತೆ" ಅನ್ನೋ ಲೆಕ್ಕ ನಮ್ಮಂಥ ಶಾಲೆಗೆ ಹೊಂದೋದಿಲ್ಲ. ಕೊಡದೇ ಇದ್ದ ದುಡ್ಡು ಉಳಿಯೋದು ಹೇಗೆ?

ನಮಗೆ ಉಳಿದದ್ದು ರಿಪೇರಿ ದುಡ್ಡು. ಪೆನ್ ಡ್ರೈವ್ ಹಾಕಿದ ತಕ್ಷಣ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿಬಿಡುವ ವೈರಸ್ ನಿಮಗೆಲ್ಲ ಗೊತ್ತಿರುತ್ತದೆ. ಒಬ್ಬ ಹುಡುಗ ಸೈಬರ್ ಸೆಂಟರಿನಿಂದ ತಂದರೆ ಸಾಕು, ವಾರದೊಳಗೆ 14ಕ್ಕೂ ಹರಡುತ್ತಿತ್ತು. ರಿಪೇರಿಯವರು ಬರಬೇಕು, ಫಾರ್ಮ್ಯಾಟ್ ಮಾಡಬೇಕು. ಬಂದು ಹೋಗೋ ಖರ್ಚು ಬೇರೆ, ಯಂತ್ರಕ್ಕೆ ಇಷ್ಟು ಅಂತ ಬೇರೆ. 2022-23ರಲ್ಲಿ ಅವರು ನಾಲ್ಕು ಸಲ ಬಂದಿದ್ದರು, ಒಟ್ಟು 9,400 ರೂಪಾಯಿ ಆಯಿತು. ಸಮಗ್ರ ಶಿಕ್ಷಾದ ನಿಯಮದ ಪ್ರಕಾರ ನೂರರ ಒಳಗೆ ಮಕ್ಕಳಿರುವ ನಮ್ಮಂಥ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಶಾಲಾ ಅನುದಾನ. ಸೀಮೆಸುಣ್ಣ, ರಿಜಿಸ್ಟರು, ನೀರಿನ ಪೈಪು, ಶೌಚಾಲಯಕ್ಕೆ ಫಿನಾಯಿಲ್, ಎಲ್ಲ ಅದರಲ್ಲೇ ಆಗಬೇಕು. ಅದರಲ್ಲಿ ಒಂಬತ್ತು ಸಾವಿರ ಬರೀ ವೈರಸ್ ತೆಗೆಸೋಕೆ ಹೋದರೆ ಹೇಗಾಗುತ್ತೆ ಹೇಳಿ. ಜುಬುಂಟು ಹಾಕಿದ ಮೇಲೆ ಆ ವೈರಸ್ಸಿನ ಕಾಟ ನಿಂತೇ ಹೋಯಿತು. ಪೆನ್ ಡ್ರೈವಿನಲ್ಲಿ ಅದು ಬರುತ್ತದೆ, ಫೈಲಿನ ಹೆಸರು ಕಾಣುತ್ತದೆ, ಆದರೆ ವಿಂಡೋಸಿಗೆ ಅಂತ ಬರೆದದ್ದು ಇಲ್ಲಿ ಓಡೋದಿಲ್ಲ. 2023-24ರಲ್ಲಿ ಲ್ಯಾಬಿಗೆ ಆದ ರಿಪೇರಿ ಖರ್ಚು 2,100. ಮೂರು ಮೌಸು, ಎರಡು ಕೀಬೋರ್ಡು, ಕಂಪ್ಯೂಟರಿಗೆ ಕರೆಂಟು ಕೊಡುವ ಒಂದು ಎಸ್‌ಎಂಪಿಎಸ್ ಡಬ್ಬಿ. ಅಷ್ಟೇ.

ಆದರೆ ಶುರುವಿನಲ್ಲಿ ದುಡ್ಡು ಹಾಕಲೇಬೇಕಾಯಿತು. ಇದನ್ನು ಯಾರೂ ಹೇಳೋದಿಲ್ಲ, ಅದಕ್ಕೆ ನಾನು ಜೋರಾಗಿಯೇ ಹೇಳುತ್ತೇನೆ. 12 ಯಂತ್ರಕ್ಕೂ ಹಳೇ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗವಾಗಿ ಓಡುವ 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿದೆವು, ತಲಾ 1,300. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಸೇರಿಸಿ 4 ಜಿಬಿ ಮಾಡಿದೆವು, ತಲಾ 600. ಒಟ್ಟು 22,800 ರೂಪಾಯಿ. ಹಳೆ ವಿದ್ಯಾರ್ಥಿಗಳ ಸಂಘದವರು ಕೊಟ್ಟರು, ಅವರಿಗೆ ನಾನು ಯಾವತ್ತೂ ಋಣಿ. ಅದೇ ಸಮಯಕ್ಕೆ ಹೊಸ ಕಂಪ್ಯೂಟರ್‌ಗೆ ಕೊಟೇಶನ್ ತರಿಸಿದ್ದೆವು. ಒಂದಕ್ಕೆ 38,000ದಂತೆ 14ಕ್ಕೆ 5,32,000. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಆ ಕಾಗದ ನೋಡಿ ಏನೂ ಮಾತಾಡದೆ ಮಡಿಸಿಟ್ಟರು.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಎಸ್‌ಎಸ್‌ಡಿ ಹಾಕಿದ್ದರೆ ಹಳೇ ವಿಂಡೋಸೂ ಚುರುಕಾಗುತ್ತಿತ್ತು. ವೇಗ ಬಂದದ್ದೆಲ್ಲ ಲಿನಕ್ಸಿನಿಂದ ಅಲ್ಲ. ಮೈಕ್ರೋಸಾಫ್ಟ್, ಗೂಗಲ್ ಎರಡೂ ಶಾಲೆಗಳಿಗೆ ಬ್ರೌಸರಿನಲ್ಲಿ ಓಡುವ ಆಫೀಸ್ ತಂತ್ರಾಂಶವನ್ನು ಪುಕ್ಕಟೆಯಾಗಿಯೇ ಕೊಡುತ್ತವೆ, ಅದೂ ನಿಜ. ನಗರದಲ್ಲಿ ಒಳ್ಳೆ ಇಂಟರ್‌ನೆಟ್ ಇರುವ ಶಾಲೆಯವರಿಗೆ ಅದು ಸಾಕಾಗಬಹುದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮರ ಕೇಬಲ್ ಮೇಲೆ ಬಿದ್ದರೆ ನಾಲ್ಕು ದಿನ ನೆಟ್ ಇರೋದಿಲ್ಲ. ಯಂತ್ರದೊಳಗೇ ಕೂತು ಕೆಲಸ ಮಾಡುವ ತಂತ್ರಾಂಶವೇ ನಮಗೆ ಬೇಕು.

ಪಾಠದ ವಿಷಯಕ್ಕೆ ಬರುತ್ತೇನೆ. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದು ದುಡ್ಡು ಉಳಿದದ್ದಕ್ಕಲ್ಲ, ಇದಕ್ಕೆ.

ಪರದೆ ಮೇಲೆ ಆಕೃತಿ ಬರೆದು ಎಳೆದಾಡಿ ನೋಡುವ ಜಿಯೋಜೀಬ್ರಾ ಅನ್ನೋ ಗಣಿತದ ತಂತ್ರಾಂಶವನ್ನು ಗಣಿತದ ಮೇಷ್ಟ್ರುಗಳು ಹೆಚ್ಚಿನವರು ಕೇಳಿರುತ್ತೀರಿ. ಮಾರ್ಕುಸ್ ಹೋಹೆನ್‌ವಾರ್ಟರ್ ಅನ್ನೋ ಆಸ್ಟ್ರಿಯಾದ ವಿದ್ಯಾರ್ಥಿ 2001ರಲ್ಲಿ ತನ್ನ ಪದವಿಯ ಪ್ರಬಂಧಕ್ಕಾಗಿ ಶುರು ಮಾಡಿದ್ದು. ವ್ಯಾಪಾರಕ್ಕೆ ಬಳಸದಿದ್ದರೆ ಉಚಿತ, ಶಾಲೆಗೆ ಯಾವ ತೊಡಕೂ ಇಲ್ಲ. ಹತ್ತನೇ ಕ್ಲಾಸಿನ ಥೇಲ್ಸ್ ಪ್ರಮೇಯ ತೊಗೊಳ್ಳಿ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ ಅದು ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ. ಹದಿನಾಲ್ಕು ವರ್ಷ ಇದನ್ನು ಬೋರ್ಡ್ ಮೇಲೆ ಹೇಳಿದ್ದೇನೆ. ಮಕ್ಕಳು ಬಾಯಿಪಾಠ ಮಾಡಿ ನಾಲ್ಕು ಅಂಕ ತೆಗೆಯುತ್ತಾರೆ, ಮರೆಯುತ್ತಾರೆ. ಲ್ಯಾಬಿನಲ್ಲಿ ಅವರೇ ತ್ರಿಭುಜ ಬರೆದರು, ಸಮಾಂತರ ಗೆರೆ ಎಳೆದರು, ಎರಡೂ ಅನುಪಾತ ಪಕ್ಕದಲ್ಲಿ ಬರುವ ಹಾಗೆ ಮಾಡಿದರು. ಆಮೇಲೆ ಶೃಂಗವನ್ನು ಹಿಡಿದು ಎಳೆದಾಡಿದರು. ತ್ರಿಭುಜ ಉದ್ದ ಆಗುತ್ತದೆ, ಓರೆ ಆಗುತ್ತದೆ, ಎರಡು ಸಂಖ್ಯೆ ಮಾತ್ರ ಒಂದೇ. ಅಷ್ಟರಲ್ಲಿ ಹಿಂದಿನ ಸಾಲಿನ ಒಬ್ಬಳು ಹುಡುಗಿ, ತರಗತಿಯಲ್ಲಿ ಯಾವತ್ತೂ ಕೈ ಎತ್ತದವಳು, "ಮೇಡಂ, ಗೆರೆ ತ್ರಿಭುಜದಿಂದ ಕೆಳಗೆ ಹೋದ್ರೂ ಎರಡೂ ಒಂದೇ ಬರ್ತಿದೆ" ಅಂದಳು. ಅವಳು ಬಾಹುವನ್ನು ಮುಂದಕ್ಕೆ ಬೆಳೆಸಿ, ಬಿಂದುವನ್ನು ತ್ರಿಭುಜದ ಆಚೆ ತೊಗೊಂಡು ಹೋಗಿದ್ದಳು. ಪುಸ್ತಕದ ಚಿತ್ರದಲ್ಲಿ ಆ ಬಿಂದು ಯಾವತ್ತೂ ಒಳಗೇ ಇರುತ್ತದೆ. ಪ್ರಮೇಯ ಹೊರಗೂ ನಡೆಯುತ್ತದೆ ಅನ್ನೋದನ್ನು ಅವಳು ತಾನೇ ಕಂಡುಕೊಂಡಳು. ಆ ದಿನ ಪೂರ್ತಿ ಪಿರಿಯಡ್ ಅದರ ಮೇಲೆಯೇ ಹೋಯಿತು, ನಾನು ಬೇರೆ ಏನೂ ಮಾಡಲಿಲ್ಲ.

ಇನ್ನೊಂದು ಸ್ಟೆಲೇರಿಯಂ. ಆಕಾಶ ತೋರಿಸುವ ತಂತ್ರಾಂಶ, ಪೂರ್ತಿ ಮುಕ್ತ, ಒಂದು ಸಲ ಹಾಕಿದರೆ ನೆಟ್ ಬೇಡ. ನಮ್ಮ ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ನಮ್ಮ ಅಂಗಳದಲ್ಲಿ ನಿಂತು ನೋಡಿದ ಹಾಗೇ ಕಾಣುತ್ತದೆ. ನಮ್ಮ ಮಕ್ಕಳು ಗದ್ದೆ ತೋಟದ ಮನೆಯವರು. ಮಳೆ ನಕ್ಷತ್ರಗಳ ಹೆಸರು ಅವರಿಗೆ ಅಜ್ಜಿಯ ಬಾಯಲ್ಲಿ ಕೇಳಿ ಗೊತ್ತು. "ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರ" ಅನ್ನೋ ಗಾದೆಯೂ ಗೊತ್ತು. ಆದರೆ ಆರಿದ್ರೆ ಮಳೆಗೂ ಆಕಾಶದ ಆರ್ದ್ರಾ ನಕ್ಷತ್ರಕ್ಕೂ ಏನು ಸಂಬಂಧ ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಆ ನಕ್ಷತ್ರ ಕಾಣೋದೇ ಇಲ್ಲವಲ್ಲ, ಯಾಕೆ? ಸ್ಟೆಲೇರಿಯಂನಲ್ಲಿ ಜೂನ್ 22ರ ಮಧ್ಯಾಹ್ನಕ್ಕೆ ಹೋಗಿ, ವಾತಾವರಣವನ್ನು ತೆಗೆದುಬಿಟ್ಟೆ. ಒಂದೇ ಕೀ ಒತ್ತಿದರೆ ನೀಲಿ ಬಣ್ಣ ಹೋಗಿ ಹಗಲಲ್ಲೂ ನಕ್ಷತ್ರ ಕಾಣುತ್ತವೆ. ಸೂರ್ಯ ಆರ್ದ್ರಾದ ಉತ್ತರಕ್ಕೆ, ಹತ್ತಿರದಲ್ಲೇ ನಿಂತಿದ್ದ. ಸೂರ್ಯ ಯಾವ ನಕ್ಷತ್ರದ ಜಾಗದಲ್ಲಿದ್ದಾನೋ ಆ ಮಳೆ ಅಂತ ನಾನು ವಿವರಿಸುವ ಮೊದಲೇ ಮಕ್ಕಳು ಹೇಳಿಬಿಟ್ಟರು. ವಿಜ್ಞಾನದ ಮೇಷ್ಟ್ರು ಅವತ್ತಿನಿಂದ ವಾರಕ್ಕೆ ಒಂದು ಪಿರಿಯಡ್ ಲ್ಯಾಬಿಗೆ ಬರುತ್ತಾರೆ. ಕೊಲರಾಡೊ ವಿಶ್ವವಿದ್ಯಾಲಯದವರು ಮಾಡಿದ, ಪರದೆ ಮೇಲೆಯೇ ನಡೆಸುವ ಫೆಟ್ ಪ್ರಯೋಗಗಳನ್ನೂ ಅವರು ಇಳಿಸಿಕೊಂಡಿದ್ದಾರೆ. ಅದರಲ್ಲಿ ಹಲವು ಕನ್ನಡದಲ್ಲೇ ಇವೆ, ವಿದ್ಯುತ್ ಮಂಡಲ ಕಟ್ಟಿ ಬಲ್ಬ್ ಹೊತ್ತಿಸುವುದನ್ನು ಮಕ್ಕಳು ಭಯವಿಲ್ಲದೆ ಮಾಡುತ್ತಾರೆ.

ಮಕ್ಕಳು ಚಿತ್ರ ಬರೆಯುವ ಟಕ್ಸ್ ಪೇಂಟ್, ಪ್ರೋಗ್ರಾಂ ಬರೆಯೋದನ್ನು ಕಲಿಸುವ ಸ್ಕ್ರಾಚ್, ಧ್ವನಿ ರೆಕಾರ್ಡ್ ಮಾಡುವ ಅಡಾಸಿಟಿ ಇವೆಲ್ಲ ಚೆನ್ನಾಗಿವೆ. ಹೆಚ್ಚು ಹೇಳೋದಿಲ್ಲ, ಹಾಕಿ ನೋಡಿ. ಎಪಾಪ್ಟಿಸ್ ಒಂದನ್ನು ಮಾತ್ರ ಮರೆಯಬೇಡಿ. ಎಲ್ಲ ಮಕ್ಕಳ ಪರದೆಯೂ ನಿಮ್ಮ ಕಂಪ್ಯೂಟರಿನಲ್ಲಿ ಚಿಕ್ಕಚಿಕ್ಕದಾಗಿ ಕಾಣುತ್ತದೆ, ನಿಮ್ಮ ಪರದೆಯನ್ನು ಎಲ್ಲರಿಗೂ ತೋರಿಸಬಹುದು, ಸಂಜೆ ಒಂದೇ ಸಲಕ್ಕೆ ಎಲ್ಲವನ್ನೂ ಆಫ್ ಮಾಡಬಹುದು. ಪ್ರೊಜೆಕ್ಟರ್ ಇಲ್ಲದ ಲ್ಯಾಬಿಗೆ ಇದು ದೊಡ್ಡ ಉಪಕಾರ.

ಈಗ ಕನ್ನಡ. ಇಲ್ಲಿ ಒಂದು ಒಳ್ಳೆಯ ಸುದ್ದಿ, ಒಂದು ಕೆಟ್ಟ ಸುದ್ದಿ.

ಒಳ್ಳೆಯದು ಏನೆಂದರೆ ಕನ್ನಡ ಟೈಪಿಂಗ್‌ಗೆ ಬೇರೆ ಏನನ್ನೂ ಹಾಕಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಕಗಪ ಅಂತ ಆರಿಸಿದರೆ ಮುಗಿಯಿತು, ನಮ್ಮ ನುಡಿ ತಂತ್ರಾಂಶದಲ್ಲಿ ಕಲಿತ ಅದೇ ಕೀಲಿ ವಿನ್ಯಾಸ, ಅದೇ ಎಫ್ ಒತ್ತಿದರೆ ಒತ್ತಕ್ಷರ. ಬರೆದದ್ದೆಲ್ಲ ಯೂನಿಕೋಡ್, ಹಾಗಾಗಿ ವಾಟ್ಸಾಪ್‌ಗೆ ಹಾಕಿದರೂ ಮೇಲ್ ಮಾಡಿದರೂ ಅಕ್ಷರ ಅಕ್ಷರವಾಗಿಯೇ ಇರುತ್ತದೆ. ಗುಬ್ಬಿ, ನವಿಲು ಅನ್ನೋ ಮುಕ್ತ ಕನ್ನಡ ಫಾಂಟ್‌ಗಳು ಉಬುಂಟುವಿನ ಭಂಡಾರದಲ್ಲೇ ಇವೆ. ಗುಬ್ಬಿ ಮುದ್ರಣಕ್ಕೆ ಎಷ್ಟು ಚೆಂದ ಬರುತ್ತದೆ ಅಂದರೆ ನಮ್ಮ ಶಾಲೆಯ ಗೋಡೆ ಪತ್ರಿಕೆ ಈಗ ಪೂರ್ತಿ ಅದರಲ್ಲೇ. ವರ್ಡ್, ಎಕ್ಸೆಲ್ ಬದಲಿಗೆ ನಾವು ಬಳಸುವ ಮುಕ್ತ ತಂತ್ರಾಂಶ ಲಿಬ್ರೆಆಫೀಸ್, ಅದರ ಮೆನುವನ್ನು ಕನ್ನಡಕ್ಕೆ ಬದಲಿಸಬಹುದು. ಎಂಟನೇ ಕ್ಲಾಸಿಗೆ ಬರುವ ಮಕ್ಕಳಿಗೆ ಇದರಿಂದ ಧೈರ್ಯ ಬರುತ್ತದೆ. ಕೆಲವು ಅನುವಾದ ಕಬ್ಬಿಣದ ಕಡಲೆ, ಅಂಥ ಕಡೆ ನಾನು ಇಂಗ್ಲಿಷ್ ಹೆಸರನ್ನೇ ಹೇಳಿಕೊಡುತ್ತೇನೆ.

ಕೆಟ್ಟದ್ದು ನಮ್ಮ ಹಳೇ ಫೈಲುಗಳು. ನುಡಿಯ, ಯೂನಿಕೋಡ್ ಅಲ್ಲದ ಹಳೇ ಆಸ್ಕಿ ಫಾಂಟಿನಲ್ಲಿ ಬರೆದ ಪ್ರಶ್ನೆಪತ್ರಿಕೆ, ನೋಟೀಸು, ವರದಿ, ಹತ್ತು ವರ್ಷದ್ದು ಆಫೀಸಿನಲ್ಲಿ ಬಿದ್ದಿದೆ. ಅವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಅರ್ಕಾವೊತ್ತು ಬಂದ ಕಡೆ ಕಣ್ಣಿಟ್ಟು ನೋಡಬೇಕು. ನುಡಿ ತಂತ್ರಾಂಶ ವಿಂಡೋಸಿಗೆ ಮಾಡಿದ್ದು. ಮೇಲಿನ ಕಚೇರಿಗಳಿಂದ ಈಗಲೂ ಕೆಲವು ನಮೂನೆ ಆ ಫಾಂಟಿನಲ್ಲೇ ಬರುತ್ತವೆ, ಅದರಲ್ಲೇ ತುಂಬಿ ಕಳಿಸಿ ಅಂತಾರೆ. ಡಿಜಿಟಲ್ ಸಹಿಯ ಟೋಕನ್ ಕೂಡ ನಾವು ಎಷ್ಟು ಒದ್ದಾಡಿದರೂ ಲಿನಕ್ಸಿನಲ್ಲಿ ಕೂರಲಿಲ್ಲ. ಕೊನೆಗೆ ಆಫೀಸಿನ ಒಂದು ಕಂಪ್ಯೂಟರಿಗೆ ಅಸಲಿ ವಿಂಡೋಸ್ ತೊಗೊಂಡೆವು. ಲ್ಯಾಬ್ ಪೂರ್ತಿ ಲಿನಕ್ಸ್, ಆಫೀಸಿಗೆ ಒಂದು ವಿಂಡೋಸ್. ಇದನ್ನು ಸೋಲು ಅಂತ ನಾನು ಅಂದುಕೊಳ್ಳೋದಿಲ್ಲ. ಎಸ್‌ಎಟಿಎಸ್, ಯುಡೈಸ್ ಥರದ ಮಕ್ಕಳ, ಶಾಲೆಯ ಮಾಹಿತಿ ತುಂಬುವ ತಾಣಗಳೆಲ್ಲ ಬ್ರೌಸರಿನಲ್ಲಿ ಓಡುವಂಥವು, ಅವಕ್ಕೆ ಲ್ಯಾಬಿನ ಯಂತ್ರವೇ ಸಾಕು.

ಪ್ರಿಂಟರ್ ವಿಷಯದಲ್ಲಿ ನಾವು ಪಟ್ಟ ಪಾಡು ನೀವು ಪಡಬೇಡಿ. ನಮ್ಮ ಹಳೇ ಪ್ರಿಂಟರಿಗೆ ಸರಿಯಾದ ಲಿನಕ್ಸ್ ಡ್ರೈವರ್ ಇರಲಿಲ್ಲ. ಎರಡು ಭಾನುವಾರ ಕೂತೆ, ಆಗಲಿಲ್ಲ. ಮುಂದೆ ಪ್ರಿಂಟರ್ ಕೊಳ್ಳುವಾಗ ಲಿನಕ್ಸಿನಲ್ಲಿ ನಡೆಯುತ್ತಾ ಅಂತ ಅಂಗಡಿಯಲ್ಲೇ ಪೆನ್ ಡ್ರೈವಿನಿಂದ ಬೂಟ್ ಮಾಡಿ ನೋಡಿ ತೊಗೊಳ್ಳಿ. ವರ್ಡ್‌ನಲ್ಲಿ ಮಾಡಿದ ಕಡತವನ್ನು ಲಿಬ್ರೆಆಫೀಸ್‌ನಲ್ಲಿ ತೆರೆದರೆ ಕೆಲವು ಸಲ ಕೋಷ್ಟಕ ಜರುಗುತ್ತದೆ, ಪುಟ ಹೆಚ್ಚಾಗುತ್ತದೆ. ಮುಖ್ಯ ಕಾರಣ ಆ ಫಾಂಟ್ ಇಲ್ಲಿ ಇಲ್ಲದಿರೋದು. ಪ್ರಶ್ನೆಪತ್ರಿಕೆಯನ್ನು ಪಿಡಿಎಫ್ ಮಾಡಿಯೇ ಕಳಿಸುವ ಅಭ್ಯಾಸ ಮಾಡಿಕೊಂಡರೆ ಮುಗೀತು. ಮ್ಯಾಕ್ರೋ ಇರುವ ಎಕ್ಸೆಲ್ ಫಲಿತಾಂಶ ಪಟ್ಟಿಗಳು ಮಾತ್ರ ಸರಿಯಾಗಿ ಓಡೋದಿಲ್ಲ, ಅದನ್ನು ಆಫೀಸಿನ ವಿಂಡೋಸಿನಲ್ಲೇ ಮಾಡುತ್ತೇವೆ.

ಮಳೆಗಾಲದ ಕರೆಂಟಿನ ಬಗ್ಗೆ ಹೇಳಲೇಬೇಕು. ನಮ್ಮ ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷ ಆಗಿತ್ತು. ಪಾಠ ನಡೆಯುವಾಗಲೇ ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಹೆಚ್ಚಿನ ಸಲ ಜುಬುಂಟು ತಾನೇ ಸರಿಮಾಡಿಕೊಂಡು ಎದ್ದಿದೆ. ಎರಡು ಸಲ ಮಾತ್ರ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಬಂದು ನಿಂತುಬಿಟ್ಟಿತು. ಮಕ್ಕಳು ಹೆದರಿ ಕೈ ತೆಗೆದರು. ಡಿಸ್ಕ್ ಪರೀಕ್ಷೆ ಮಾಡುವ ಒಂದು ಸಾಲಿನ ಆದೇಶ ಕೊಟ್ಟರೆ ಸರಿಹೋಗುತ್ತದೆ, ಆದರೆ ಅದು ಗೊತ್ತಿಲ್ಲದ ಮೇಷ್ಟ್ರಿಗೆ ಕಂಪ್ಯೂಟರ್ ಸತ್ತೇಹೋಯಿತು ಅನ್ನಿಸುತ್ತದೆ. ನನಗೆ ಇದೇ ದೊಡ್ಡ ಚಿಂತೆ. ತಂತ್ರಾಂಶ ಪುಕ್ಕಟೆ ಬರುತ್ತದೆ, ಅದು ಗೊತ್ತಿರುವ ಮನುಷ್ಯ ಪುಕ್ಕಟೆ ಬರೋದಿಲ್ಲ. ನನಗೆ ನಾಳೆ ವರ್ಗಾವಣೆ ಆದರೆ ಈ ಲ್ಯಾಬ್ ಏನಾಗುತ್ತದೆ? ಪಕ್ಕದ ಹೋಬಳಿಯ ಒಂದು ಶಾಲೆಯಲ್ಲಿ ಹೀಗೇ ಆಯಿತು. ಮೇಷ್ಟ್ರು ತುಂಬ ಪ್ರೀತಿಯಿಂದ ಲಿನಕ್ಸ್ ಹಾಕಿದ್ದರು, ಅವರು ಹೋದ ಮೇಲೆ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ, ಒಂದು ವರ್ಷ ಬೀಗ ಹಾಕಿಟ್ಟು ಕೊನೆಗೆ ಎಲ್ಲ ತೆಗೆದು ಮತ್ತೆ ಕಾಪಿ ವಿಂಡೋಸ್ ಹಾಕಿಸಿದರು.

ನನಗೆ ಕಲಿಸಿದ್ದು ಯಾರು ಅಂತ ಕೇಳಿದರೆ, ವಿಷಯ ಶಿಕ್ಷಕರ ವೇದಿಕೆ ಅಂತ ಒಂದು ಕಾರ್ಯಕ್ರಮ ಇತ್ತು. ಶಿಕ್ಷಣ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ ನಡೆಸಿದ್ದು. ಪ್ರೌಢಶಾಲೆ ಶಿಕ್ಷಕರನ್ನು ಕರೆದು ಉಬುಂಟು, ಜಿಯೋಜೀಬ್ರಾ, ಮೇಲ್ ಗುಂಪು ಎಲ್ಲ ಹೇಳಿಕೊಟ್ಟರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಅನ್ನೋ ಕನ್ನಡದ ಜಾಲತಾಣ ಹುಟ್ಟಿದ್ದೂ ಅಲ್ಲಿಂದಲೇ. ಆ ತರಬೇತಿ ಇಲ್ಲದಿದ್ದರೆ ನಾನು ಇವತ್ತೂ ರಿಪೇರಿಯವರ ದಾರಿ ಕಾಯುತ್ತಾ ಕೂತಿರುತ್ತಿದ್ದೆ. ಮನೆಯಲ್ಲೇ ಕಲಿಯುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ, ಲಿಬ್ರೆಆಫೀಸ್ ಪಾಠಗಳು ಕನ್ನಡದಲ್ಲೂ ಸಿಗುತ್ತವೆ. ಹತ್ತು ನಿಮಿಷದ ಚಿಕ್ಕಚಿಕ್ಕ ವಿಡಿಯೋ, ನೋಡುತ್ತಾ ಮಾಡುತ್ತಾ ಕಲಿಯಬಹುದು.

ಕೇರಳದ ಮಾತು ಇಲ್ಲಿ ಬಂದೇ ಬರುತ್ತದೆ. ಅವರು 2001ರಲ್ಲೇ ಐಟಿ ಅಟ್ ಸ್ಕೂಲ್ ಅಂತ ಶುರು ಮಾಡಿದರು, ಈಗ ಅದರ ಹೆಸರು ಕೈಟ್. ಉಬುಂಟುವನ್ನು ತಮ್ಮ ಶಾಲೆಗೆ ಹೊಂದುವಂತೆ ಮಾರ್ಪಡಿಸಿ ಕೈಟ್ ಗ್ನು ಲಿನಕ್ಸ್ ಮಾಡಿದ್ದಾರೆ. 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಿಗೆ ಅದನ್ನು ಹಾಕುವಾಗ 3,000 ಕೋಟಿ ರೂಪಾಯಿ ಉಳಿತಾಯ ಅಂತ ಹೇಳಿದರು. ಎಲ್ಲರೂ ಆ ಸಂಖ್ಯೆಯನ್ನೇ ಹಿಡಿದುಕೊಂಡು ಮಾತಾಡುತ್ತಾರೆ. ಅದು ಪ್ರತಿ ಯಂತ್ರಕ್ಕೂ ದುಡ್ಡು ಕೊಟ್ಟು ತಂತ್ರಾಂಶ ಕೊಂಡಿದ್ದರೆ ಆಗುತ್ತಿದ್ದ ಖರ್ಚಿನ ಲೆಕ್ಕ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಅವರು ಶಿಕ್ಷಕರಿಗೆ ವರ್ಷವರ್ಷ ತರಬೇತಿ ಕೊಟ್ಟರು, ಪಠ್ಯಪುಸ್ತಕವನ್ನೇ ಈ ತಂತ್ರಾಂಶಗಳ ಮೇಲೆ ಬರೆದರು, ಐಟಿಯನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಸೇರಿಸಿದರು, ಲಿಟ್ಲ್ ಕೈಟ್ಸ್ ಅಂತ ಮಕ್ಕಳ ಕ್ಲಬ್ ಕಟ್ಟಿದರು. ಮೇಷ್ಟ್ರು ಬದಲಾದರೂ ಲ್ಯಾಬ್ ನಿಲ್ಲೋದಿಲ್ಲ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿಯ ಮಾಮೂಲಿ ಆರು ವಿಷಯದಲ್ಲಿ ಕಂಪ್ಯೂಟರ್ ಇಲ್ಲ, ಡಿಸೆಂಬರ್ ಬಂದರೆ ಹತ್ತನೇ ಕ್ಲಾಸಿನವರಿಗೆ ಲ್ಯಾಬ್ ಬಂದ್. ಇಲಾಖೆಯವರು ಇದನ್ನು ಓದುತ್ತಿದ್ದರೆ ನನ್ನ ಕೋರಿಕೆ ಇಷ್ಟೇ: ಲೈಸೆನ್ಸಿನಲ್ಲಿ ಉಳಿಯುವ ದುಡ್ಡಿನ ಅರ್ಧದಷ್ಟನ್ನಾದರೂ ಶಿಕ್ಷಕರ ತರಬೇತಿಗೆ, ಬ್ಯಾಟರಿಗೆ, ತಾಲ್ಲೂಕಿಗೆ ಒಬ್ಬ ಲಿನಕ್ಸ್ ಗೊತ್ತಿರುವ ತಂತ್ರಜ್ಞನಿಗೆ ಕೊಡಿ. ಹಾಗೆ ಕೊಡದೆ ಬರೀ ಉಳಿತಾಯಕ್ಕೆ ಅಂತ ಶಾಲೆಗಳ ಮೇಲೆ ಹೇರಿದರೆ ಲ್ಯಾಬುಗಳಿಗೆ ಬೀಗ ಬೀಳುತ್ತದೆ.

ಪೋಷಕರ ಸಭೆಯಲ್ಲಿ ಒಬ್ಬರು ನೇರವಾಗಿ ಕೇಳಿದರು. "ಮೇಡಂ, ನಾಳೆ ಕೆಲಸಕ್ಕೆ ಹೋದ್ರೆ ಅಲ್ಲೆಲ್ಲ ವಿಂಡೋಸೇ ಅಲ್ವಾ? ನಮ್ಮ ಹುಡುಗ ಹಿಂದೆ ಬೀಳಲ್ವಾ?" ಸರಿಯಾದ ಪ್ರಶ್ನೆ. ಎಂಟನೇ ಕ್ಲಾಸಿನ ಮಗು ಕೆಲಸಕ್ಕೆ ಹೋಗುವಷ್ಟರಲ್ಲಿ ಇವತ್ತಿನ ಯಾವ ಮೆನುವೂ ಇದ್ದಲ್ಲಿ ಇರೋದಿಲ್ಲ ಅಂತ ಹೇಳಿದೆ. ಅವರಿಗೆ ಅದು ಪೂರ್ತಿ ಒಪ್ಪಿಗೆ ಆದಂತೆ ಕಾಣಲಿಲ್ಲ. ಆದರೆ ನಮ್ಮಲ್ಲಿ ಕಲಿತು ಈಗ ಪಿಯುಸಿಯಲ್ಲಿರುವ ಇಬ್ಬರು ಹುಡುಗರು ಕಾಲೇಜಿನ ವಿಂಡೋಸ್ ಲ್ಯಾಬಿನಲ್ಲಿ ಒಂದು ವಾರದೊಳಗೆ ಹೊಂದಿಕೊಂಡರು, ಅವರೇ ಬಂದು ಹೇಳಿದ್ದು.

ಇನ್ನೊಂದು ಇದೆ, ಇದನ್ನು ದುಡ್ಡಿನಲ್ಲಿ ಅಳೆಯೋಕಾಗಲ್ಲ. ಮೊದಲೆಲ್ಲ ಮಕ್ಕಳು "ಮೇಡಂ, ಇದನ್ನ ನಮ್ಮನೆ ಲ್ಯಾಪ್‌ಟಾಪ್‌ಗೆ ಹಾಕ್ಕೊಡ್ತೀರಾ?" ಅಂತ ಕೇಳಿದರೆ ನನಗೆ ಉತ್ತರ ಕೊಡೋಕೆ ಕಷ್ಟ ಆಗುತ್ತಿತ್ತು. ಪರೀಕ್ಷೆಯಲ್ಲಿ ಕಾಪಿ ಹೊಡೀಬೇಡಿ ಅನ್ನೋ ನಾನೇ ಕಾಪಿ ತಂತ್ರಾಂಶ ಹಂಚಬೇಕಾ? ಈಗ ಕೇಳಿದವರಿಗೆಲ್ಲ ಕೊಡುತ್ತೇನೆ. ಲೈಸೆನ್ಸಿನಲ್ಲೇ ಕೊಡಬಹುದು ಅಂತ ಬರೆದಿದೆ. ಕಳೆದ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಅಣ್ಣ ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್ ಅಟ್ಟದಿಂದ ಇಳಿಸಿಕೊಂಡು ಬಂದ. ಇಬ್ಬರೂ ಕೂತು ಜುಬುಂಟು ಹಾಕಿದೆವು. ಈಗ ಅವನ ತಂಗಿ, ಐದನೇ ಕ್ಲಾಸಿನವಳು, ಅದರಲ್ಲಿ ಟಕ್ಸ್ ಪೇಂಟ್ ಮಾಡುತ್ತಾಳೆ.

ಅಂಕ ಕೊಡಿ ಅಂದರೆ ಲ್ಯಾಬಿಗೆ ಐದಕ್ಕೆ ನಾಲ್ಕೂವರೆ, ಶಾಲೆಯ ಆಫೀಸಿಗೆ ಎರಡೂವರೆ. ಶಾಲೆಯಲ್ಲಿ ಆಸಕ್ತಿ ಇರುವ ಒಬ್ಬ ಶಿಕ್ಷಕರಾದರೂ ಇದ್ದರೆ ಧೈರ್ಯವಾಗಿ ಹಾಕಿ. ಯಾರೂ ಇಲ್ಲದಿದ್ದರೆ ಮೊದಲು ಆ ಒಬ್ಬರನ್ನು ತಯಾರು ಮಾಡಿ, ಆಮೇಲೆ ಹಾಕಿ. ಶುರು ಮಾಡುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ಎರಡು ಯಂತ್ರಕ್ಕೆ ಹಾಕಿ ಒಂದು ತಿಂಗಳು ನೋಡಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಲಕೋಟೆಯಲ್ಲಿಟ್ಟು ಎಚ್‌ಎಂ ಬೀರುವಿನಲ್ಲಿ ಇಡಿ. ನಾನು ಒಂದು 200 ಪುಟದ ನೋಟ್‌ಬುಕ್‌ನಲ್ಲಿ ಪ್ರತಿ ತೊಂದರೆ, ಅದಕ್ಕೆ ಮಾಡಿದ ಪರಿಹಾರ ಬರೆದಿಟ್ಟಿದ್ದೇನೆ. ವಿಜ್ಞಾನದ ಮೇಷ್ಟ್ರಿಗೂ ಒಂಬತ್ತನೇ ಕ್ಲಾಸಿನ ಮೂವರು ಮಕ್ಕಳಿಗೂ ಕಪ್ಪು ಪರದೆ ಬಂದರೆ ಏನು ಮಾಡಬೇಕು ಅಂತ ಹೇಳಿಕೊಟ್ಟಿದ್ದೇನೆ. ಹೋದ ವಾರ ನಾನು ರಜೆ ಇದ್ದ ದಿನ 6ನೇ ನಂಬರಿನ ಯಂತ್ರ ಹಾಗೆ ನಿಂತಿತಂತೆ, ಮಕ್ಕಳೇ ನೋಟ್‌ಬುಕ್ ತೆಗೆದು ನೋಡಿ ಸರಿಮಾಡಿ, ಕೆಳಗೆ ತಾರೀಖು ಬರೆದು ಸಹಿ ಹಾಕಿದ್ದರು.

ತಾಲ್ಲೂಕಿನ ಯಾರಿಗಾದರೂ ಬೇಕಿದ್ದರೆ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಎರಡು ಗಂಟೆವರೆಗೂ ನಾನು ಲ್ಯಾಬಿನಲ್ಲಿ ಇರುತ್ತೇನೆ. 8 ಜಿಬಿಯ ಒಂದು ಖಾಲಿ ಪೆನ್ ಡ್ರೈವ್ ತನ್ನಿ, ನಮ್ಮದೇ ಪ್ರತಿ ಹಾಕಿಕೊಡುತ್ತೇನೆ. ನಿಮ್ಮ ಲ್ಯಾಬಿನ ಯಂತ್ರ 64 ಬಿಟ್ ಹೌದೋ ಅಲ್ಲವೋ ಅಂತ ಮಾತ್ರ ಮೊದಲೇ ನೋಡಿಕೊಂಡು ಬನ್ನಿ.